ಭಾವಚಿತ್ರದ ಬೆನ್ನ ಮೇಲಿನ ಚರಿತ್ರೆ

ನಮ್ಮ ಧರ್ಮಕೇಂದ್ರಗಳ ಯಾವ ಮನೆಗೆ ಹೋದರೂ ಪಡಸಾಲೆಯ ಗೋಡೆಯ ಮೇಲೆ, ಯೇಸುವಿನ ಪವಿತ್ರ ಹೃದಯದ ಪಟದ ಪಕ್ಕದಲ್ಲಿ, ನಾಲ್ಕಾರು ಭಾವಚಿತ್ರಗಳು ತೂಗುತ್ತಿರುತ್ತವೆ. ಅವುಗಳತ್ತ ಬೆರಳು ತೋರಿಸಿ ‘ಇವರು ಯಾರು?’ ಎಂದು ಆ ಮನೆಯ ಮಕ್ಕಳನ್ನು ಕೇಳಿ ನೋಡಿರಿ. ಅಜ್ಜನವರೆಗೆ ಉತ್ತರ ಥಟ್ಟನೆ ಬರುತ್ತದೆ. ಮುತ್ತಜ್ಜನ ಬಳಿಗೆ ಬರುವಷ್ಟರಲ್ಲಿ ‘ಯಾರೋ ಹಿರಿಯರಂತೆ’ ಎಂಬ ಮಾತು ಕೇಳಿಬರುತ್ತದೆ. ಆ ಚಿತ್ರವನ್ನು ಎಂದು ತೆಗೆಸಿದರು, ಯಾವ ಊರಿನಲ್ಲಿ ತೆಗೆಸಿದರು, ಅಂದು ಮನೆಯಲ್ಲಿ ಏನು ವಿಶೇಷವಿತ್ತು ಎಂಬ ಪ್ರಶ್ನೆಗಳಿಗೆ ಹಲವು ಮನೆಗಳಲ್ಲಿ ಉತ್ತರವೇ ಇರುವುದಿಲ್ಲ. ಮುಖವೇನೋ ಉಳಿದಿದೆ, ಮನುಷ್ಯ ಮರೆಯಾಗಿದ್ದಾನೆ.

ಚರಿತ್ರೆ ಎಂದೊಡನೆ ಅರಸರೂ ಯುದ್ಧಗಳೂ ನಮ್ಮ ನೆನಪಿಗೆ ಬರುತ್ತವೆ. ಆದರೆ ಮಟಮಾರಿಯಂತಹ ಊರಿನ ಒಂದು ಮನೆಯ ಗೋಡೆಯೂ ಚರಿತ್ರೆಯ ಪುಟವೇ ಆಗಿದೆ. ಆ ಪುಟವನ್ನು ಓದುವುದು ಹೇಗೆ, ಅಳಿಯದಂತೆ ಕಾಯುವುದು ಹೇಗೆ ಎಂಬುದನ್ನು ಈ ಲೇಖನದಲ್ಲಿ ನಿಮ್ಮೊಡನೆ ವಿಚಾರಮಾಡಬಯಸುತ್ತೇನೆ.

ತನ್ನ ಕಥೆಯನ್ನು ತಾನೇ ಹೇಳಿದ ಕಲ್ಲು

ರಾಯಚೂರು ಕೋಟೆಯ ಪಶ್ಚಿಮದ ಗೋಡೆಯಲ್ಲಿ ಒಂದು ಭಾರೀ ಕಲ್ಲು ಇದೆ. ಅದರ ಉದ್ದ 41 ಅಡಿಗೂ ಹೆಚ್ಚು. ಕಾಕತೀಯರ ಕಾಲದಲ್ಲಿ, 1294ರಲ್ಲಿ, ಈ ಕೋಟೆಯನ್ನು ಕಟ್ಟಿದ ಸಂಗತಿಯನ್ನು ಅದರ ಮೇಲೆ ಶಾಸನವಾಗಿ ಕೆತ್ತಲಾಗಿದೆ. ನಮ್ಮ ವಿಷಯಕ್ಕೆ ಮುಖ್ಯವಾದುದು ಶಾಸನಕ್ಕಿಂತ ಅದರ ಸಮೀಪದಲ್ಲೇ ಗೋಡೆಯ ಮೇಲೆ ಕೊರೆದಿರುವ ರೇಖಾಚಿತ್ರ. ಆ ಕಲ್ಲನ್ನು ಗಣಿಯಿಂದ ಕೋಟೆಗೆ ಸಾಗಿಸಿದ ಬಗೆಯನ್ನು ಅಲ್ಲಿ ಚಿತ್ರಿಸಿದ್ದಾರೆ. ಗಾಲಿಬಂಡಿಯ ಮೇಲೆ ಕಲ್ಲು, ಅದನ್ನು ಎಳೆಯುವ ಜಾನುವಾರುಗಳ ಉದ್ದನೆಯ ಸಾಲು, ಅವುಗಳನ್ನು ಹುರಿದುಂಬಿಸುವ ಆಳುಗಳು.

ಕಟ್ಟಿಸಿದವರ ಹೆಸರು ಶಾಸನದಲ್ಲಿ ಬರುವುದು ಸಹಜ. ಆದರೆ ಎಳೆದವರ ಶ್ರಮಕ್ಕೂ ಗೋಡೆಯಲ್ಲಿ ಸ್ಥಾನ ಸಿಕ್ಕಿತಲ್ಲ, ಅದು ಅಪರೂಪದ ಸಂಗತಿ. ಆ ಕಲ್ಲು ಅಲ್ಲಿಗೆ ಹೇಗೆ ಬಂತೆಂದು ಏಳು ನೂರು ವರ್ಷಗಳ ನಂತರವೂ ನಾವು ಯಾರನ್ನೂ ಕೇಳಬೇಕಾಗಿಲ್ಲ. ನಮ್ಮ ಮನೆಯ ಭಾವಚಿತ್ರಗಳಿಗೆ ಈ ಭಾಗ್ಯ ದೊರೆತಿಲ್ಲ. ಅವು ತಮ್ಮ ಕಥೆಯನ್ನು ತಾವಾಗಿ ಹೇಳಲಾರವು.

ಛಾಯಾಚಿತ್ರ ನಮ್ಮ ಸೀಮೆಗೆ ಬಂದ ಬಗೆ

ಛಾಯಾಚಿತ್ರ ಕಲೆಯನ್ನು 1839ರಲ್ಲಿ ಪ್ಯಾರಿಸಿನಲ್ಲಿ ಲೋಕಕ್ಕೆ ಪ್ರಕಟಿಸಲಾಯಿತು. ಹದಿನೇಳು ವರ್ಷ ಕಳೆಯುವಷ್ಟರಲ್ಲಿ ಅದು ತುಂಗಭದ್ರೆಯ ದಂಡೆಗೂ ಬಂದಿತು. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೈನ್ಯಾಧಿಕಾರಿ ಹಂಪಿಯ ಅವಶೇಷಗಳ ಚಿತ್ರಗಳನ್ನು ತೆಗೆದನು. ಅಂದಿನ ವಿಧಾನ ಇಂದಿನವರಿಗೆ ಊಹೆಗೂ ನಿಲುಕದು. ಕಾಗದಕ್ಕೆ ಮೇಣ ಸವರಿ, ಬೆಳ್ಳಿಯ ಲವಣಗಳಲ್ಲಿ ಅದ್ದಿ, ದೊಡ್ಡ ಪೆಟ್ಟಿಗೆಯಲ್ಲಿರಿಸಿ, ಬಹಳ ಹೊತ್ತು ಬೆಳಕಿಗೆ ಒಡ್ಡಬೇಕು. ಕತ್ತಲೆಯಲ್ಲಿ ತೊಳೆದಾಗ ಕಪ್ಪು ಬಿಳಿಯಾಗಿ, ಬಿಳಿ ಕಪ್ಪಾಗಿ ಕಾಣುವ ನೆಗೆಟಿವ್ ಮೂಡುತ್ತಿತ್ತು. ಅದನ್ನು ಇನ್ನೊಂದು ಕಾಗದದ ಮೇಲಿಟ್ಟು ಬಿಸಿಲಿಗೆ ಹಿಡಿದರೆ ಚಿತ್ರ.

ಗ್ರೀನ್‌ಲಾ ತೆಗೆದ ಚಿತ್ರದಲ್ಲಿ ವಿಠ್ಠಲ ದೇವಾಲಯದ ಕಲ್ಲಿನ ರಥದ ಮೇಲೆ ಇಟ್ಟಿಗೆಯ ಗೋಪುರವೊಂದು ಕಾಣುತ್ತದೆ. ಇಂದು ಹಂಪಿಗೆ ಹೋದವರಿಗೆ ಆ ಗೋಪುರ ಕಾಣಸಿಗದು. 1980ರ ದಶಕದಲ್ಲಿ ಆಸ್ಟ್ರೇಲಿಯಾದ ಛಾಯಾಗ್ರಾಹಕ ಜಾನ್ ಗೊಲಿಂಗ್ಸ್ ಅದೇ ಸ್ಥಳಗಳಲ್ಲಿ ನಿಂತು ಮತ್ತೊಮ್ಮೆ ಚಿತ್ರಗಳನ್ನು ತೆಗೆದರು. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದಾಗ ನಡುವಿನ ಕಾಲದಲ್ಲಿ ಕಳೆದುಕೊಂಡದ್ದೇನು ಎಂಬುದು ತಿಳಿಯುತ್ತದೆ. ಯಾವ ವರ್ಷ, ಯಾವ ಸ್ಥಳ, ಯಾರು ತೆಗೆದದ್ದು ಎಂಬುದು ಗೊತ್ತಿರುವುದರಿಂದಲೇ ಈ ಹೋಲಿಕೆ ಸಾಧ್ಯವಾಯಿತೆಂಬುದನ್ನು ಗಮನಿಸಿರಿ.

ಹಳೆಯ ಚಿತ್ರಗಳಲ್ಲಿ ಯಾರೂ ನಗುವುದಿಲ್ಲವೇಕೆ ಎಂದು ಮಕ್ಕಳು ಕೇಳುವುದುಂಟು. ಕಟ್ಟಡ ಕದಲದು, ಮನುಷ್ಯ ಕದಲುತ್ತಾನೆ. ಕದಲಿದರೆ ಮುಖ ಮಸುಕಾಗುತ್ತದೆ. ಉಸಿರು ಬಿಗಿಹಿಡಿದು ಕುಳಿತವರಿಗೆ ನಗು ಬರುವುದಾದರೂ ಹೇಗೆ? ಮುಂದೆ ಕ್ಯಾಮೆರಾ ಚುರುಕಾದರೂ ಆ ಬಿಗುಮಾನ ಬಹುಕಾಲ ಉಳಿಯಿತು. ಚಿತ್ರ ತೆಗೆಸುವುದು ಒಂದು ಗಂಭೀರ ಕಾರ್ಯವೆಂಬ ಭಾವನೆಯೂ ಅದಕ್ಕೆ ಕಾರಣ.

ಹೆಸರಿಲ್ಲದ ಮುಖಗಳು

1871ರಲ್ಲಿ ಮುಂಬಯಿಯ ಕಡೆಯ ರೈಲು ಮಾರ್ಗವೂ ಮದರಾಸಿನ ಕಡೆಯ ರೈಲು ಮಾರ್ಗವೂ ರಾಯಚೂರಿನಲ್ಲಿ ಕೂಡಿಕೊಂಡವು. ಮಟಮಾರಿಯ ನಿಲ್ದಾಣವಿರುವುದು ರಾಯಚೂರಿನಿಂದ ಗುಂತಕಲ್ಲಿಗೆ ಹೋಗುವ ಅದೇ ಹಳಿಯ ಮೇಲೆ. ರೈಲು ಬಂದ ಐದಾರು ವರ್ಷಗಳಲ್ಲೇ ದಕ್ಷಿಣ ಭಾರತವನ್ನು ಭೀಕರ ಕ್ಷಾಮವು ಆವರಿಸಿತು. 1876ರಿಂದ 1878ರವರೆಗಿನ ಆ ಕ್ಷಾಮವನ್ನು ಹಿರಿಯರು ಧಾತು ಈಶ್ವರ ಬರವೆಂದು ಕರೆದರು. ಬಳ್ಳಾರಿ ಸೀಮೆ ವಿಶೇಷವಾಗಿ ತತ್ತರಿಸಿತು. ಲಕ್ಷಾಂತರ ಜನ ಸತ್ತರು.

ಮದರಾಸು ಸೈನ್ಯದ ಅಧಿಕಾರಿಯಾಗಿದ್ದ ಡಬ್ಲ್ಯು. ಡಬ್ಲ್ಯು. ಹೂಪರ್ ಆ ಕ್ಷಾಮಪೀಡಿತರ ಚಿತ್ರಗಳನ್ನು ತೆಗೆದನು. ಎಲುಬಿನ ಹಂದರವಾದ ತಾಯಂದಿರನ್ನೂ ಮಕ್ಕಳನ್ನೂ ಗುಂಪಾಗಿ ಕೂರಿಸಿ ತೆಗೆದ ಆ ಚಿತ್ರಗಳು ಇಂದಿಗೂ ಜಗತ್ತಿನ ಸಂಗ್ರಹಾಲಯಗಳಲ್ಲಿವೆ. ತೆಗೆದವನ ಹೆಸರು ನಮಗೆ ಗೊತ್ತು. ಕುಳಿತಿದ್ದವರಲ್ಲಿ ಒಬ್ಬರ ಹೆಸರೂ ಗೊತ್ತಿಲ್ಲ. ಚಿತ್ರ ತೆಗೆದ ಮೇಲೆ ಅವರಿಗೆ ಗಂಜಿಯಾದರೂ ಸಿಕ್ಕಿತೇ ಎಂಬ ಪ್ರಶ್ನೆಯನ್ನು ಇಂದಿಗೂ ಕೇಳಲಾಗುತ್ತಿದೆ. ಮುಖವನ್ನು ಕಾಗದದ ಮೇಲೆ ಉಳಿಸಿದ ಮಾತ್ರಕ್ಕೆ ಒಬ್ಬ ಮನುಷ್ಯನಿಗೆ ಸಲ್ಲಬೇಕಾದ ಗೌರವ ಸಂದಂತಾಗಲಿಲ್ಲವೆಂಬುದಕ್ಕೆ ಇದಕ್ಕಿಂತ ಕಠೋರವಾದ ಸಾಕ್ಷಿ ಬೇಕೇ?

ಇದೇ ಶತಮಾನದ ಕೊನೆಯಲ್ಲಿ ನಿಜಾಮರ ಹೈದರಾಬಾದಿನಲ್ಲಿ ರಾಜಾ ದೀನ ದಯಾಳರು ಆಸ್ಥಾನದ ಛಾಯಾಗ್ರಾಹಕರಾಗಿ ಮೆರೆದರು. ಪರದೆಯ ಮಹಿಳೆಯರಿಗಾಗಿಯೇ ಅವರು 1892ರಲ್ಲಿ ಹೈದರಾಬಾದಿನಲ್ಲಿ ಪ್ರತ್ಯೇಕ ಸ್ಟುಡಿಯೋ ತೆರೆದರು. ಆಂಗ್ಲ ಮಹಿಳೆಯೊಬ್ಬರು ಅದನ್ನು ನಡೆಸುತ್ತಿದ್ದರು. ಅಂದು ರಾಯಚೂರು ಅದೇ ಸಂಸ್ಥಾನದ ಭಾಗವಾಗಿತ್ತು. ಆದರೆ ನವಾಬರ ಅಂತಃಪುರದವರೆಗೆ ಹೋದ ಕ್ಯಾಮೆರಾ ನಮ್ಮ ಹಳ್ಳಿಗಳ ರೈತರ, ಕೂಲಿಕಾರರ ಅಂಗಳಕ್ಕೆ ಬರಲು ಇನ್ನೂ ಎರಡು ಮೂರು ತಲೆಮಾರು ಹಿಡಿಯಿತು.

ಚೌಕಟ್ಟಿನ ಹೊರಗಿನ ಕಥೆ

ಬಂದಾಗಲಾದರೂ ಅದು ಹೇಗೆ ಬಂತು? ಪಟ್ಟಣದ ಸ್ಟುಡಿಯೋದಲ್ಲಿ ಬಣ್ಣದ ಪರದೆ; ಅದರ ಮೇಲೆ ಕೆರೆ, ಅರಮನೆ, ಮೆಟ್ಟಿಲುಗಳು. ಒಂದು ಕುರ್ಚಿ, ಒಂದು ಹೂದಾನಿ. ಯಜಮಾನರು ಕುಳಿತುಕೊಳ್ಳಬೇಕು, ಹೆಂಡತಿ ಪಕ್ಕದಲ್ಲಿ ನಿಂತುಕೊಳ್ಳಬೇಕು. ಕಪ್ಪು ಬಟ್ಟೆಯೊಳಗೆ ತಲೆ ತೂರಿಸಿದ ಛಾಯಾಗ್ರಾಹಕನ ಅಪ್ಪಣೆಯಂತೆ ಕೈ ಮೊಣಕಾಲಿನ ಮೇಲೆ, ಗದ್ದ ತುಸು ಮೇಲೆ. ಆಮೇಲೆ ಕತ್ತಲೆ ಕೋಣೆಯಲ್ಲಿ ಆತನ ಎರಡನೆಯ ಕೆಲಸ ಆರಂಭವಾಗುತ್ತಿತ್ತು. ಮೊನಚಾದ ಪೆನ್ಸಿಲಿನಿಂದ ನೆಗೆಟಿವ್ ತಿದ್ದಿ ಸಿಡುಬಿನ ಕಲೆ, ಮುಖದ ಸುಕ್ಕು ಅಳಿಸುತ್ತಿದ್ದನು. ಕೇಳಿದವರಿಗೆ ಕುಂಚದಿಂದ ಕೆನ್ನೆಗೆ ಕೆಂಪು, ಸೀರೆಗೆ ಹಸಿರು ಹಚ್ಚಿಕೊಡುತ್ತಿದ್ದನು. ಚಿತ್ರ ತೆಗೆಸಿದರೆ ಆಯುಷ್ಯ ಕಡಿಮೆಯಾಗುತ್ತದೆಂಬ ಅಂಜಿಕೆಯಿಂದ ಮುಖ ತಿರುಗಿಸಿದ ಅಜ್ಜಿಯರೂ ಇದ್ದರು. ಅವರ ಒಂದು ಚಿತ್ರವೂ ಇಂದು ಇಲ್ಲ.

ಮುಂದೆ ಅಗ್ಫಾ ಕ್ಲಿಕ್‌ನಂತಹ ಅಗ್ಗದ ಕ್ಯಾಮೆರಾಗಳು ಬಂದವು. ಉದಕಮಂಡಲದಲ್ಲಿ 1960ರಲ್ಲಿ ಸ್ಥಾಪನೆಯಾದ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆಯು ‘ಇಂದು’ ಎಂಬ ಹೆಸರಿನ ಕಪ್ಪುಬಿಳುಪು ಫಿಲ್ಮನ್ನು ದೇಶದಲ್ಲೇ ತಯಾರಿಸಿತು. ಒಂದು ಸುರುಳಿಗೆ ಹನ್ನೆರಡೇ ಚಿತ್ರಗಳು. ಆದಕಾರಣ ಎಲ್ಲರನ್ನೂ ಕೂಡಿಸಿ, ಬಿಸಿಲು ನೋಡಿ, ಒಮ್ಮೆ ಮಾತ್ರ ಗುಂಡಿ ಒತ್ತುತ್ತಿದ್ದರು. ಜ್ಞಾನಸ್ನಾನದ ದಿನ ಒಂದು, ಮೊದಲ ಪರಮಪ್ರಸಾದದ ದಿನ ಒಂದು, ಮದುವೆಗೆ ನಾಲ್ಕು. ಯಾವ ಕ್ಷಣ ಉಳಿಯಬೇಕೆಂದು ಮನೆಯವರೇ ತೀರ್ಮಾನಿಸುತ್ತಿದ್ದರು. ಆ ಆಯ್ಕೆಯೇ ಅವರ ಬಾಳಿನ ಬೆಲೆಗಳನ್ನು ಹೇಳುತ್ತದೆ.

ಗುಳೆ ಹೋದ ಮಗ ಮುಂಬಯಿಯಿಂದಲೋ ಬೆಂಗಳೂರಿನಿಂದಲೋ ಕಳಿಸಿದ ಚಿತ್ರ ನಿಮ್ಮಲ್ಲಿ ಹಲವರ ಮನೆಯಲ್ಲಿರಬಹುದು. ಇಸ್ತ್ರಿ ಮಾಡಿದ ಅಂಗಿ, ಕಣ್ಣಿಗೆ ಕಪ್ಪು ಕನ್ನಡಕ, ಹಿಂದೆ ಗೇಟ್‌ವೇ ಅಥವಾ ವಿಧಾನಸೌಧ. ಆ ಅಂಗಿ ಗೆಳೆಯನದಾಗಿರಬಹುದು. ಚಿತ್ರಕ್ಕೆ ಕೊಟ್ಟ ಹಣ ಒಂದು ದಿನದ ಪಗಾರವಾಗಿರಬಹುದು. ‘ನಾನು ಚೆನ್ನಾಗಿದ್ದೇನೆ, ಅವ್ವ ಚಿಂತೆ ಮಾಡಬಾರದು’ ಎಂದು ಹೇಳಲೆಂದೇ ಆತ ಹಾಗೆ ನಿಂತಿದ್ದಾನೆ. ಅದು ಸುಳ್ಳಲ್ಲ, ಅದು ಪ್ರೀತಿ. ಆದರೆ ಈ ಸಂಗತಿಯನ್ನು ಚಿತ್ರ ಹೇಳದು, ಬಲ್ಲವರೇ ಹೇಳಬೇಕು.

ಚಿತ್ರದ ಹಿನ್ನೆಲೆಯನ್ನೂ ಓದಲು ಕಲಿಯಿರಿ. ಷೇರ್ವಾನಿ ಮತ್ತು ರೂಮಿ ಟೋಪಿ ಕಂಡರೆ, ಬೆನ್ನ ಮೇಲೆ ಉರ್ದು ಮುದ್ರೆಯಿದ್ದರೆ, ಅದು 1948ಕ್ಕಿಂತ ಮುಂಚಿನ ನಿಜಾಮ ಆಳ್ವಿಕೆಯ ಕಾಲದ್ದಾಗಿರಬಹುದು. ಮಾನ್ವಿಯ ಕಡೆಯ ಚಿತ್ರದಲ್ಲಿ ಹಿಂದೆ ಜೋಳದ ಹೊಲವೇ, ನೀರು ನಿಂತ ಭತ್ತದ ಗದ್ದೆಯೇ? ತುಂಗಭದ್ರಾ ಜಲಾಶಯದ ಎಡದಂಡೆ ಕಾಲುವೆ ಬಂದದ್ದು 1953ರ ನಂತರ. ಶಕ್ತಿನಗರದ ವಿದ್ಯುತ್ ಸ್ಥಾವರದ ಚಿಮಣಿ ಹೊಗೆಯಾಡುತ್ತಿದ್ದರೆ ಆ ಚಿತ್ರ 1985ಕ್ಕಿಂತ ಹಳೆಯದಲ್ಲ. ಹೀಗೆ ಒಂದು ಮನೆಯ ಚಿತ್ರ ಒಂದು ನಾಡಿನ ಬದಲಾವಣೆಗೂ ಸಾಕ್ಷಿಯಾಗುತ್ತದೆ.

ಕೊನೆಗೆ ಉಳಿದ ಒಂದೇ ಚಿತ್ರ

ಸಾವಿನ ಮನೆಗೆ ಪ್ರಾರ್ಥನೆಗೆ ಹೋಗುವ ಗುರುಗಳು ಒಂದು ದೃಶ್ಯವನ್ನು ಮತ್ತೆ ಮತ್ತೆ ಕಾಣುತ್ತಾರೆ. ಮೃತರ ತಲೆದೆಸೆಯಲ್ಲಿ ಇಡಲು ಒಂದು ಚಿತ್ರಕ್ಕಾಗಿ ಮನೆಯವರು ಟ್ರಂಕುಗಳನ್ನು ತಡಕಾಡುತ್ತಾರೆ. ಕೊನೆಗೆ ಸಿಗುವುದು ಮತದಾರರ ಗುರುತಿನ ಚೀಟಿ. ಚುನಾವಣಾ ಆಯೋಗವು 1993ರಲ್ಲಿ ಭಾವಚಿತ್ರವಿರುವ ಗುರುತಿನ ಚೀಟಿಯನ್ನು ಜಾರಿಗೆ ತಂದಾಗ ನಮ್ಮ ಹಳ್ಳಿಗಳ ಎಷ್ಟೋ ಹಿರಿಯರು ಬಾಳಿನಲ್ಲಿ ಮೊದಲ ಬಾರಿಗೆ ಕ್ಯಾಮೆರಾದ ಮುಂದೆ ಕುಳಿತರು. ಹೆಬ್ಬೆರಳಿನಷ್ಟು ಗಾತ್ರದ ಆ ಚಿತ್ರವನ್ನೇ ಸ್ಟುಡಿಯೋದವರು ಹಿಗ್ಗಿಸಿ, ಮೈಮೇಲೆ ಹೊಸ ಅಂಗಿ ಕೂಡಿಸಿ, ಹಿಂದೆ ನೀಲಿ ಬಣ್ಣ ಹಾಕಿ ಕೊಡುತ್ತಾರೆ. ಅರವತ್ತು ವರ್ಷ ಹೊಲದಲ್ಲಿ ದುಡಿದ ತಾಯಿ ಗೋಡೆಯ ಮೇಲೆ ಎಂದೂ ಉಡದ ಸೀರೆಯಲ್ಲಿ ಕುಳಿತಿರುತ್ತಾಳೆ. ಮೊಮ್ಮಕ್ಕಳಿಗೆ ಅವಳ ನಿಜವಾದ ಕಥೆಯನ್ನು ಯಾರೂ ಹೇಳದಿದ್ದರೆ ಅವರು ಆ ಸೀರೆಯನ್ನೇ ನಂಬುವರು.

ಇದ್ದ ಚಿತ್ರಗಳೂ ಶಾಶ್ವತವಲ್ಲ. 2009ರ ಸೆಪ್ಟೆಂಬರ್ ಕೊನೆಯಲ್ಲಿ ಮತ್ತು ಅಕ್ಟೋಬರ್ ಆರಂಭದಲ್ಲಿ ಕೃಷ್ಣೆಯೂ ತುಂಗಭದ್ರೆಯೂ ಉಕ್ಕಿ ಹರಿದು ಮಂತ್ರಾಲಯವೇ ನೀರಿನಲ್ಲಿ ಮುಳುಗಿತು. ನದೀತೀರದ ಹಳ್ಳಿಗಳಲ್ಲಿ ಮನೆಗಳು ಕುಸಿದವು. ಕಾಳು, ಬಟ್ಟೆ, ಪಾತ್ರೆಗಳನ್ನು ಮತ್ತೆ ಕೊಳ್ಳಬಹುದು. ತೊಯ್ದು ಗಾಜಿಗೆ ಅಂಟಿಕೊಂಡ ಚಿತ್ರವನ್ನು ಎಲ್ಲಿ ಕೊಳ್ಳುವುದು?

ಮಾಡಬೇಕಾದ ಕೆಲಸ

ನಮ್ಮ ದೇವಾಲಯಗಳಲ್ಲಿ ಜ್ಞಾನಸ್ನಾನದ ಮತ್ತು ವಿವಾಹದ ದಾಖಲೆ ಪುಸ್ತಕಗಳಿವೆ. 1563ರಲ್ಲಿ ಟ್ರೆಂಟ್ ಮಹಾಸಭೆಯು ಇವುಗಳನ್ನು ಬರೆದಿಡಬೇಕೆಂದು ವಿಧಿಸಿತು. ಅಂದಿನಿಂದ ಕಡುಬಡವನ ಮಗುವಿನ ಹೆಸರೂ ತಂದೆತಾಯಿಯರ, ಜ್ಞಾನತಂದೆ ಜ್ಞಾನತಾಯಿಯರ ಹೆಸರುಗಳೊಡನೆ, ದಿನಾಂಕದೊಡನೆ ದಾಖಲಾಗುತ್ತ ಬಂದಿದೆ. ಆ ಪುಸ್ತಕದಲ್ಲಿ ಹೆಸರಿದೆ, ಮುಖವಿಲ್ಲ. ನಿಮ್ಮ ಗೋಡೆಯ ಮೇಲೆ ಮುಖವಿದೆ, ಹೆಸರಿಲ್ಲ. ಇವೆರಡನ್ನೂ ಒಂದುಗೂಡಿಸುವ ಕೆಲಸ ಮನೆಯವರದು.

ಅದಕ್ಕೆ ಹೆಚ್ಚಿನ ವಿದ್ಯೆ ಬೇಕಿಲ್ಲ. ಚಿತ್ರವನ್ನು ಚೌಕಟ್ಟಿನಿಂದ ಮೆಲ್ಲನೆ ತೆಗೆದು ಬೆನ್ನ ಮೇಲೆ, ಅಂಚಿನಲ್ಲಿ, ಮೃದುವಾದ ಪೆನ್ಸಿಲಿನಿಂದ ಬರೆಯಿರಿ. ಬಾಲ್‌ಪೆನ್ ಬೇಡ, ಅದರ ಒತ್ತು ಮುಂಭಾಗಕ್ಕೆ ಮೂಡುತ್ತದೆ, ಶಾಯಿ ಹರಡುತ್ತದೆ. ಪೆನ್ಸಿಲ್ ಹಿಡಿಯದ ನುಣುಪು ಕಾಗದವಾದರೆ ಬೇರೆ ಚೀಟಿಯಲ್ಲಿ ಬರೆದು ಚಿತ್ರದೊಡನೆ ಲಕೋಟೆಯಲ್ಲಿಡಿರಿ. ಎಡದಿಂದ ಬಲಕ್ಕೆ ಇರುವವರ ಹೆಸರು, ಊರು, ವರ್ಷ, ಸಂದರ್ಭ, ತೆಗೆದವರು ಯಾರೆಂಬುದು ಇರಲಿ. ಜೊತೆಗೆ ಒಂದೆರಡು ವಾಕ್ಯ ಕಥೆಯೂ ಇರಲಿ: ಆ ಕೋಟು ಯಾರದು, ಅಂದು ಚಿತ್ರದಲ್ಲಿ ಇರದೆ ಒಳಗೆ ಅಡುಗೆ ಮಾಡುತ್ತಿದ್ದವರು ಯಾರು, ಯಾರ ಮುನಿಸು ಅಂದು ಮುಗಿಯಿತು. ಗಾಜಿಗೆ ಅಂಟಿದ ಚಿತ್ರವನ್ನು ಕಿತ್ತು ತೆಗೆಯಬೇಡಿರಿ. ಗಾಜಿನ ಸಮೇತ ಮೊಬೈಲಿನಲ್ಲಿ ಪ್ರತಿ ತೆಗೆದುಕೊಳ್ಳಿರಿ. ಮಳೆಯಲ್ಲಿ ತೊಯ್ದ ಚಿತ್ರಗಳನ್ನು ಒಂದರ ಮೇಲೊಂದು ಒಣಗಲು ಬಿಡದೆ, ಶುದ್ಧ ತಣ್ಣೀರಿನಲ್ಲಿ ಬಿಡಿಸಿ, ಮುಖ ಮೇಲಾಗಿ ನೆರಳಿನಲ್ಲಿ ಹರಡಿರಿ.

ಮೈಸೂರಿನ ಹೆಸರಾಂತ ಛಾಯಾಗ್ರಾಹಕ ಟಿ. ಎಸ್. ಸತ್ಯನ್ ಅವರು ಬಾಳಿನುದ್ದಕ್ಕೂ ಸಾಮಾನ್ಯ ಜನರ, ಮಕ್ಕಳ ಚಿತ್ರಗಳನ್ನು ತೆಗೆದರು. ಆ ಚಿತ್ರಗಳ ಹಿಂದಿನ ಅನುಭವಗಳನ್ನು 2005ರಲ್ಲಿ ಪುಸ್ತಕವಾಗಿ ಬರೆದೂ ಇಟ್ಟರು. 2009ರಲ್ಲಿ ಅವರು ತೀರಿಕೊಂಡಾಗ ಚಿತ್ರಗಳೂ ಉಳಿದಿದ್ದವು, ಕಥೆಗಳೂ ಉಳಿದಿದ್ದವು. ನಾವು ಪುಸ್ತಕ ಬರೆಯಬೇಕಿಲ್ಲ, ನಾಲ್ಕು ಸಾಲು ಸಾಕು.

ಇಂದು ಮೊಬೈಲಿನಲ್ಲಿ ಒಂದೇ ದಿನ ನೂರು ಚಿತ್ರ ತೆಗೆಯುತ್ತೇವೆ. ಮೊಬೈಲು ಕೆಟ್ಟರೆ ನೂರೂ ಹೋಗುತ್ತವೆ. ವರ್ಷಕ್ಕೆ ಹತ್ತನ್ನಾದರೂ ಆರಿಸಿ, ಕಾಗದದ ಮೇಲೆ ಮುದ್ರಿಸಿ, ಹೆಸರು ಬರೆದಿಡುವುದು ಮಕ್ಕಳಿಗೆ ಒಳ್ಳೆಯ ಅಭ್ಯಾಸ.

ಪ್ರಿಯ ಓದುಗರೇ, ನವೆಂಬರ್ 2ರಂದು ಸಕಲ ಮೃತರ ಸ್ಮರಣೆಗಾಗಿ ನಾವು ಸಮಾಧಿಗಳನ್ನು ತೊಳೆದು, ಹೂವಿಟ್ಟು, ಮೇಣದಬತ್ತಿ ಹಚ್ಚುತ್ತೇವೆ. ಆ ದಿನ ಬರುವ ಮೊದಲು ಗೋಡೆಯ ಮೇಲಿನ ಚಿತ್ರಗಳನ್ನೊಮ್ಮೆ ಕೆಳಗಿಳಿಸಿರಿ. ಮನೆಯ ಅತ್ಯಂತ ಹಿರಿಯರನ್ನು ನಡುವೆ ಕೂರಿಸಿ, ಅಕ್ಷರ ಬಲ್ಲ ಮಗುವಿನ ಕೈಗೆ ಪೆನ್ಸಿಲ್ ಕೊಡಿರಿ. ಅಜ್ಜಿ ಹೇಳಲಿ, ಮೊಮ್ಮಗಳು ಬರೆಯಲಿ. ಯಾರ ಹೆಸರು ಹಿಡಿದು ಪ್ರಾರ್ಥಿಸಬೇಕೆಂಬುದು ಆಗ ಆ ಮಗುವಿಗೂ ತಿಳಿದಿರುತ್ತದೆ.