ದಸರೆಯ ಸಭೆಯೂ ಮನೆಯ ಲೆಕ್ಕವೂ

ಹಬ್ಬದ ದಿನಗಳು ಸಮೀಪಿಸಿದೊಡನೆ ಜನಪ್ರತಿನಿಧಿಗಳು ತಮ್ಮ ಕ್ಷೇತ್ರದ ಜನರಿಗೆ ಶುಭವನ್ನು ಕೋರುವುದೂ, ಅದರೊಡನೆ ವರ್ಷದಲ್ಲಿ ನಡೆದ ಕಾರ್ಯಗಳ ವರದಿಯನ್ನೊಪ್ಪಿಸಿ ಸಂಸಾರಸ್ಥರ ಖರ್ಚುವೆಚ್ಚಗಳ ವಿಷಯದಲ್ಲಿ ನಾಲ್ಕು ಸಮಾಧಾನದ ಮಾತುಗಳನ್ನಾಡುವುದೂ ಈಗ ಎಲ್ಲೆಡೆಯೂ ಕಾಣಬರುವ ವಾಡಿಕೆಯಾಗಿದೆ. ಇದು ಚುನಾವಣೆಗಳ ಕಾಲದಲ್ಲಿ ಹುಟ್ಟಿದ ಹೊಸ ಉಪಚಾರವೆಂದು ಅನೇಕರ ಎಣಿಕೆ. ಮೈಸೂರು ದೇಶದ ಮಟ್ಟಿಗಾದರೂ ಈ ಎಣಿಕೆ ಸರಿಯಲ್ಲ. ಇಲ್ಲಿ ಪ್ರಜಾಪ್ರತಿನಿಧಿಯೆಂಬ ಪದವಿಯು ಹಬ್ಬದ ಮಡಿಲಿನಲ್ಲಿಯೇ ಹುಟ್ಟಿತು. ಹಬ್ಬ ಮುಗಿದ ಬಳಿಕ ಊರಿಗೆ ಹಿಂದಿರುಗಿ ಸುದ್ದಿಯನ್ನು ಹೇಳುವುದೇ ಅವನ ಮೊದಲ ಕೆಲಸವೆಂದು ಭಾವಿಸಲ್ಪಟ್ಟಿತ್ತು. ಮನೆಯ ಖರ್ಚಿನ ಮಾತು ಆ ಕೆಲಸದೊಳಕ್ಕೆ ಹೇಗೆ ಪ್ರವೇಶಿಸಿತು, ಪ್ರವೇಶಿಸಿ ಅದರ ದಿಕ್ಕನ್ನೇ ಹೇಗೆ ತಿರುಗಿಸಿತು ಎಂಬುದನ್ನು ಇಲ್ಲಿ ವಿಚಾರಿಸೋಣ.

೧೮೮೧ನೆಯ ಇಸವಿ ಮಾರ್ಚಿ ೨೫ರಂದು, ಐವತ್ತು ವರ್ಷಗಳ ಕಮಿಷನರ ಆಡಳಿತವು ಕೊನೆಗಂಡು, ರಾಜ್ಯವು ಚಾಮರಾಜೇಂದ್ರ ಒಡೆಯರಿಗೆ ಹಿಂದಕ್ಕೆ ಬಂದಿತಷ್ಟೆ. ದಿವಾನರಾದವರು ಸಿ. ವಿ. ರಂಗಾಚಾರ್ಲು ಅವರು. ಸರಿಯಾಗಿ ಐದು ತಿಂಗಳಿಗೆ, ಆಗಸ್ಟ್ ೨೫ರಂದು, ಒಂದು ಸರ್ಕಾರಿ ಆಜ್ಞೆ ಹೊರಟಿತು. ರಾಜ್ಯದ ನಾನಾ ಭಾಗಗಳ ಭೂಮಾಲಿಕರನ್ನೂ ವರ್ತಕರನ್ನೂ ವರ್ಷಕ್ಕೊಂದು ಸಲ ಮೈಸೂರಿನಲ್ಲಿ ಕೂಡಿಸಬೇಕು. ಕಳೆದ ವರ್ಷದ ಆಡಳಿತದ ಫಲಿತಾಂಶವನ್ನೂ ಬರುವ ವರ್ಷದ ಕಾರ್ಯಕ್ರಮವನ್ನೂ ದಿವಾನರು ಅವರ ಮುಂದಿಡಬೇಕು. ಇದರಿಂದ ಸರ್ಕಾರದ ಉದ್ದೇಶಗಳು ಜನಕ್ಕೆ ಚೆನ್ನಾಗಿ ತಿಳಿದು, ಅವರ ಮನಸ್ಸಿನಲ್ಲಿರಬಹುದಾದ ತಪ್ಪು ಭಾವನೆಗಳು ದೂರವಾಗುವುವು: ಇದು ಆಜ್ಞೆಯ ತಾತ್ಪರ್ಯ. ಸಭೆಗೆ ತಕ್ಕ ಕಾಲವಾವುದೆಂದರೆ ದಸರೆಯ ಉತ್ಸವ ಮುಗಿದೊಡನೆ. ಉತ್ಸವವನ್ನು ನೋಡುವ ಆಸೆಯೂ ಜನರನ್ನು ಕರೆತರುವುದೆಂದು ಆಜ್ಞೆಯಲ್ಲಿಯೇ ಮುಚ್ಚುಮರೆಯಿಲ್ಲದೆ ಹೇಳಲ್ಪಟ್ಟಿದೆ. ಜಂಬೂಸವಾರಿಯ ಆಕರ್ಷಣೆಯನ್ನು ರಾಜ್ಯಾಂಗದ ಕಾರ್ಯಕ್ಕೆ ಹೂಡಿದ ಈ ಜಾಣ್ಮೆ ರಂಗಾಚಾರ್ಲು ಅವರಂಥವರಿಗೇ ಹೊಳೆಯತಕ್ಕದ್ದು.

ವಾಚಕರು ಒಂದಂಶವನ್ನು ಗಮನಿಸಬೇಕು. ಈ ಆಜ್ಞೆಯಲ್ಲಿ ಮಾತಿನ ಹರಿವು ಮೇಲಿನಿಂದ ಕೆಳಕ್ಕೆ. ದಿವಾನರು ಹೇಳುವರು, ಪ್ರತಿನಿಧಿಗಳು ಕೇಳುವರು, ಕೇಳಿದುದನ್ನು ಊರಿಗೆ ಒಯ್ಯುವರು. ಪ್ರತಿನಿಧಿಗಳನ್ನು ಆರಿಸುವ ಹಕ್ಕೂ ಊರಿನವರದಾಗಿರಲಿಲ್ಲ. ಲೋಕಲ್ ಫಂಡ್ ಬೋರ್ಡುಗಳವರು ಪ್ರತಿಯೊಂದು ತಾಲ್ಲೂಕಿನಿಂದ ಒಬ್ಬಿಬ್ಬರು ಬೇಸಾಯಗಾರರನ್ನೂ, ಜಿಲ್ಲೆಗೆ ಮೂರು ನಾಲ್ಕು ಮಂದಿ ವರ್ತಕರನ್ನೂ ಗೊತ್ತುಮಾಡಿ ಕಳುಹಿಸತಕ್ಕದ್ದೆಂದು ಏರ್ಪಾಡಾಗಿತ್ತು. ಹೀಗೆ ಬಂದ ೧೪೪ ಮಂದಿ ೧೮೮೧ನೆಯ ಅಕ್ಟೋಬರ್ ೭ರಂದು, ವಿಜಯದಶಮಿ ಕಳೆದ ಕೆಲವೇ ದಿನಗಳಲ್ಲಿ, ಮೈಸೂರಿನಲ್ಲಿ ಸೇರಿದರು. ದೇಶೀಯ ಸಂಸ್ಥಾನಗಳಲ್ಲಿ ಈ ಬಗೆಯ ಸಭೆ ಇದೇ ಮೊದಲನೆಯದು.

ಆ ೧೪೪ ಮಂದಿ ಯಾವ ಮನೆಗಳನ್ನು ಬಿಟ್ಟು ಬಂದಿದ್ದರೆಂಬುದನ್ನು ನೆನೆದುಕೊಳ್ಳದೆ ಈ ಸಭೆಯ ಬೆಲೆ ತಿಳಿಯದು. ೧೮೭೬ರಿಂದ ೭೮ರವರೆಗಿನ ಮಹಾಕ್ಷಾಮವು ಮೈಸೂರಿನ ಜನದಲ್ಲಿ ಐದರಲ್ಲೊಂದು ಪಾಲಿನಷ್ಟನ್ನು ನುಂಗಿತ್ತು. ೧೮೭೧ರಲ್ಲಿ ಐವತ್ತು ಲಕ್ಷಕ್ಕೂ ಮೇಲಿದ್ದ ಜನಸಂಖ್ಯೆ ೧೮೮೧ರ ಗಣತಿಯಲ್ಲಿ ೪೧,೮೬,೧೮೮ಕ್ಕೆ ಇಳಿದಿತ್ತು. ಬೊಕ್ಕಸದಲ್ಲಿ ಕೂಡಿಟ್ಟಿದ್ದ ಹಣ ಕರಗಿಹೋಗಿ, ಮೇಲೆ ೮೦ ಲಕ್ಷ ರೂಪಾಯಿಗಳ ಸಾಲ ನಿಂತಿತ್ತು. ಬ್ರಿಟಿಷ್ ಸರ್ಕಾರಕ್ಕೆ ವರ್ಷಂಪ್ರತಿ ಸಲ್ಲುತ್ತಿದ್ದ ಇಪ್ಪತ್ತನಾಲ್ಕೂವರೆ ಲಕ್ಷದ ಪೊಗದಿಯನ್ನು ೩೫ ಲಕ್ಷಕ್ಕೆ ಏರಿಸುವ ಕರಾರೂ ಆಗಿತ್ತು. ರಾಜ್ಯದ ದುಃಸ್ಥಿತಿಯನ್ನು ನೋಡಿ ಆ ಏರಿಕೆಯನ್ನು ಮುಂದೂಡಿ, ಕಡೆಗೆ ೧೮೯೬ರಿಂದ ಜಾರಿಗೆ ತಂದರು. ಸರ್ಕಾರದ ಮನೆಯೂ ರೈತನ ಮನೆಯೂ ಸಾಲದಲ್ಲಿದ್ದ ಕಾಲವದು. ಅಂಥ ಕಾಲದಲ್ಲಿ ದಿವಾನರು ಎದ್ದು ನಿಂತು, ನಮ್ಮ ಆಯವ್ಯಯವು ಹೀಗಿದೆ, ಸಾಲವು ಇಷ್ಟಿದೆ ಎಂದು ತಾಲ್ಲೂಕುಗಳಿಂದ ಬಂದ ರೈತರೆದುರಿನಲ್ಲಿ ಹೇಳಿದುದು ಸಾಮಾನ್ಯ ಸಂಗತಿಯಲ್ಲ. ರಾಜ್ಯದ ಲೆಕ್ಕವನ್ನು ಪ್ರಜೆಗೆ ಒಪ್ಪಿಸಬೇಕಾದ ಕಟ್ಟಳೆ ಅದುವರೆಗೆ ಯಾರಿಗಿತ್ತು?

ರೈಲುದಾರಿ ಮೈಸೂರನ್ನು ಮುಟ್ಟಿದುದು ೧೮೮೨ರಲ್ಲಿ. ಮೊದಲ ಸಭೆಗೆ ಬಂದವರು ಗಾಡಿಯಲ್ಲಿಯೇ ಊರು ಸೇರಬೇಕಾಗಿತ್ತು. ಹಿಂದಿರುಗುವಾಗಲೂ ಅದೇ ಗಾಡಿ, ಅದೇ ದಾರಿ. ಆ ವರ್ಷ ದೀಪಾವಳಿಗೆ ಎರಡು ವಾರ ಮಾತ್ರ ಉಳಿದಿತ್ತು. ಮಲೆನಾಡಿನ ಯಾವುದೋ ಮೂಲೆಯ ತಾಲ್ಲೂಕಿನವನು ಮನೆ ತಲಪುವ ಹೊತ್ತಿಗೆ ಊರಿನಲ್ಲಿ ಎಣ್ಣೆ ನೀರಿನ ಸಿದ್ಧತೆ ನಡೆದಿರಬೇಕು. ದಸರೆಗೆ ಹೋದವನನ್ನು ಮನೆಯವರು ಏನು ತಂದೆಯೆಂದು ಕೇಳುವುದು ಲೋಕರೂಢಿ; ಚಾವಡಿಯವರು ಏನು ಕೇಳಿಬಂದೆಯೆಂದು ಕೇಳುವರು. ಆನೆ ಅಂಬಾರಿಗಳ ವರ್ಣನೆಯನ್ನು ಅರ್ಧ ರಾತ್ರಿಯವರೆಗೆ ಕೇಳಿಯಾದ ಮೇಲೆ ಯಾರಾದರೊಬ್ಬ ಮುದುಕನು ಕಂದಾಯದ ಮಾತನ್ನೆತ್ತದೆ ಇರುವನೆ? ನಡವಳಿಯ ಪುಸ್ತಕಗಳಲ್ಲಿ ದಿವಾನರ ಭಾಷಣವೂ ಬಿನ್ನಹಗಳೂ ಉತ್ತರಗಳೂ ಅಚ್ಚಾಗಿವೆ. ಚಾವಡಿಯ ಈ ಎರಡನೆಯ ಸಭೆಗೆ ಗುಮಾಸ್ತೆಯಿರಲಿಲ್ಲ. ಆದರೆ ಅಲ್ಲಿ ಕೇಳಿದ ಪ್ರಶ್ನೆಗಳೇ ಮರುವರ್ಷ ಮೈಸೂರಿಗೆ ಪಯಣ ಮಾಡಿದುವೆಂದು ಹೇಳಬೇಕಾಗಿದೆ. ಏಕೆಂದರೆ, ವರ್ಷಗಳು ಉರುಳಿದಂತೆ ಸಭೆಯಲ್ಲಿ ದಿವಾನರ ಭಾಷಣವು ಒಂದು ಭಾಗವಾಗಿ, ತಾಲ್ಲೂಕುಗಳ ಅಹವಾಲುಗಳೇ ಬಹು ಭಾಗವಾದುವು. ಕೆರೆಯ ದುರಸ್ತಿ, ಕುಡಿಯುವ ನೀರಿನ ಬಾವಿ, ಕಂದಾಯದ ಮಾಫಿ, ಗೋಮಾಳ, ಕಾಡಿನಿಂದ ಸೌದೆ ತರುವ ಹಕ್ಕು: ಇವೆಲ್ಲ ಮೇಲ್ನೋಟಕ್ಕೆ ಊರಿನ ವಿಷಯಗಳಾದರೂ ಒಳಹೊಕ್ಕು ನೋಡಿದರೆ ಒಲೆಯ ವಿಷಯಗಳೇ. ಸೌದೆಯನ್ನು ಕೊಂಡು ಉರಿಸುವವನಿಗೂ ಕಡಿದು ತಂದು ಉರಿಸುವವನಿಗೂ ವರ್ಷಕ್ಕೆ ಎಷ್ಟು ರೂಪಾಯಿ ವ್ಯತ್ಯಾಸವೆಂಬುದನ್ನು ಗೃಹಸ್ಥರು ಬಲ್ಲರು.

ಇನ್ನು ಉಪ್ಪಿನ ಮಾತು. ಇದನ್ನು ಸ್ವಲ್ಪ ವಿಸ್ತರಿಸಿ ಹೇಳಬೇಕಾಗಿದೆ, ಏಕೆಂದರೆ ಪ್ರತಿನಿಧಿಯ ಕೈ ಎಲ್ಲಿಯವರೆಗೆ ನಿಲುಕುತ್ತಿತ್ತೆಂಬುದನ್ನು ತೋರಿಸಲು ಇದಕ್ಕಿಂತ ಒಳ್ಳೆಯ ನಿದರ್ಶನವಿಲ್ಲ. ಮೈಸೂರಿಗೆ ಕಡಲತೀರವಿಲ್ಲ. ಹಿಂದಿನಿಂದ ಉಪ್ಪಾರರು ಚೌಳುನೆಲದ ಮಣ್ಣಿನಿಂದ ಉಪ್ಪನ್ನು ತೆಗೆಯುತ್ತಿದ್ದರಾದರೂ, ಕಡಲುಪ್ಪು ಬರಬೇಕಾದುದು ಬ್ರಿಟಿಷರ ಅಧೀನದಲ್ಲಿದ್ದ ತೀರಗಳಿಂದ. ಬ್ರಿಟಿಷ್ ಸರ್ಕಾರವು ಅದರ ಮೇಲೆ ಹಾಕಿದ ಸುಂಕವು ೧೮೮೨ರಲ್ಲಿ ಮಣಕ್ಕೆ ಎರಡು ರೂಪಾಯಿಗೆ ಇಳಿಯಿತು. ೧೮೮೮ರಲ್ಲಿ ಪುನಃ ಎರಡೂವರೆ ರೂಪಾಯಿಗೆ ಏರಿತು. ಆಮೇಲೆ ೧೯೦೩ರಿಂದ ಹಂತಹಂತವಾಗಿ ಇಳಿದು ೧೯೦೭ರಲ್ಲಿ ಒಂದು ರೂಪಾಯಿಗೆ ಬಂದಿತು. ಇಲ್ಲಿ ಹೇಳಿದ ಮಣವು ೮೨ ಪೌಂಡಿನದು, ನಮ್ಮ ಕಡೆಯ ಹಳೆಯ ಮಣದ ಸುಮಾರು ಮೂರರಷ್ಟು. ಎರಡೂವರೆ ರೂಪಾಯಿಯ ಕಾಲದಲ್ಲಿ ಪೌಂಡು ಉಪ್ಪಿಗೆ ಹೆಚ್ಚುಕಡಮೆ ಅರ್ಧ ಆಣೆ ಸುಂಕವಾಯಿತು. ಉಪ್ಪಿನ ಬೆಲೆಯೂ ಸಾಗಣೆಯೂ ಅಂಗಡಿಯವನ ಲಾಭವೂ ಬೇರೆ. ಸಾಹುಕಾರನ ಸಾರಿಗೂ ಕೂಲಿಯವನ ಅಂಬಲಿಗೂ ಉಪ್ಪು ಒಂದೇ ಅಳತೆಯಾದುದರಿಂದ, ಬಡವನ ಮೇಲೆ ಇದಕ್ಕಿಂತ ನೇರವಾಗಿ ಬೀಳುವ ತೆರಿಗೆಯಿಲ್ಲ. ಈ ಸುಂಕವನ್ನು ತಗ್ಗಿಸುವ ಅಧಿಕಾರವು ಪ್ರಜಾಪ್ರತಿನಿಧಿ ಸಭೆಗಿರಲಿ, ದಿವಾನರಿಗಾಗಲಿ ಮಹಾರಾಜರಿಗಾಗಲಿ ಇರಲಿಲ್ಲ. ಸಂಸ್ಥಾನದ ಉಪ್ಪಿನ ತಯಾರಿಕೆಯ ವಿಷಯದಲ್ಲಿಯೂ ಭಾರತ ಸರ್ಕಾರದ ಇಚ್ಛೆಗೆ ಬದ್ಧರಾಗಿರಬೇಕೆಂಬ ಕಟ್ಟು ೧೮೮೧ರ ರಾಜ್ಯಪ್ರದಾನದ ಷರತ್ತುಗಳಲ್ಲಿಯೇ ಇತ್ತು. ಅಡಿಗೆಮನೆಯ ಅತಿ ಸಣ್ಣ ಗಡಿಗೆಯ ಮೇಲೆ ಮೈಸೂರಿನ ಯಾರ ಮಾತೂ ನಡೆಯದು! ಊರಿಗೆ ಬಂದ ಪ್ರತಿನಿಧಿಯು ಇದನ್ನು ಹೇಗೆ ವಿವರಿಸಬೇಕು? ದೊಡ್ಡವರ ಮೇಲೆ ಹಾಕಿ ತಪ್ಪಿಸಿಕೊಳ್ಳುತ್ತಿದ್ದಾನೆಂದು ಚಾವಡಿಯವರು ತಿಳಿದಿದ್ದರೆ ಅವರನ್ನು ದೂರುವಂತಿಲ್ಲ.

ಆತನು ಯಾರ ಪ್ರತಿನಿಧಿ ಎಂಬ ಪ್ರಶ್ನೆಯೂ ಇದರೊಡನೆಯೇ ಏಳುತ್ತದೆ. ರಂಗಾಚಾರ್ಲು ಅವರು ೧೮೮೩ರ ಜನವರಿಯಲ್ಲಿ ತೀರಿಕೊಂಡರು. ಎರಡೇ ಸಭೆಗಳನ್ನು ಅವರು ಕಂಡುದು. ಅವರ ತರುವಾಯ ದಿವಾನರಾದ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, ೧೮೯೧ರಲ್ಲಿ, ಪ್ರತಿನಿಧಿಗಳನ್ನು ಚುನಾಯಿಸುವ ಹಕ್ಕು ದೊರೆಯಿತು. ಆದರೆ ಯಾರಿಗೆ? ತಾಲ್ಲೂಕಿಗೆ ತಕ್ಕಂತೆ ವರ್ಷಕ್ಕೆ ೧೦೦ರಿಂದ ೩೦೦ ರೂಪಾಯಿಗಳವರೆಗೆ ಕಂದಾಯವನ್ನೋ, ೧೩ರಿಂದ ೧೭ ರೂಪಾಯಿಗಳವರೆಗೆ ಮೊಹತರ್ಫವನ್ನೋ ಕೊಡುವವರಿಗೆ. ಇವರ ಜೊತೆಗೆ ಕೆಲವು ಮಂದಿ ಇನಾಮುದಾರರಿಗೆ, ಪದವೀಧರರಿಗೆ. ಮೊಹತರ್ಫವೆಂದರೆ ಮನೆ, ಅಂಗಡಿ, ಮಗ್ಗ, ಗಾಣಗಳ ಮೇಲಣ ತೆರಿಗೆ. ಒಂದು ಮಗ್ಗವನ್ನಿಟ್ಟುಕೊಂಡು ಕಂಬಳಿ ನೇಯುವವನೂ ಅದನ್ನು ತೆರಬೇಕಾಗಿತ್ತು. ಆದರೆ ಅವನು ತೆರುವ ಅಲ್ಪಸ್ವಲ್ಪವು ಅವನಿಗೆ ಮತವನ್ನು ತರಲಾರದು. ಹೆಚ್ಚು ಕೊಡುವವನು ಆರಿಸುವನು, ಕಡಮೆ ಕೊಡುವವನು ಕಾಯುವನು. ಇಷ್ಟಾದರೂ ಈ ಪ್ರತಿನಿಧಿಗಳು ಬಡವರ ಸಂಗತಿಯನ್ನು ಎತ್ತಲೇ ಇಲ್ಲವೆಂದು ಹೇಳುವುದು ಅನ್ಯಾಯವಾದೀತು. ಕೆರೆಯೊಡೆದರೆ ನೂರು ರೂಪಾಯಿ ಕಂದಾಯದವನ ಗದ್ದೆಯೂ ಒಣಗುತ್ತದೆ, ಅವನ ಕೂಲಿಯಾಳಿನ ಹೊಟ್ಟೆಯೂ ಒಣಗುತ್ತದೆ. ಇವರಿಬ್ಬರ ಹಿತವು ಒಂದಾಗಿದ್ದೆಡೆಯಲ್ಲಿ ಸಭೆಯು ಚೆನ್ನಾಗಿ ನುಡಿಯಿತು. ಬಡ್ಡಿ, ಗೇಣಿ, ಕೂಲಿ ಇವುಗಳಲ್ಲಿ ಹಿತಗಳು ಎದುರುಬದುರಾದೆಡೆಯಲ್ಲಿ ಕೂಲಿಯವನ ಪಕ್ಷವನ್ನು ಹಿಡಿಯಲು ಕೂಲಿಯವನೇ ಅಲ್ಲಿರಲಿಲ್ಲ.

ಸಾಲದ ವಿಷಯವನ್ನು ಸರ್ಕಾರವು ತಾನಾಗಿಯೇ ಕೈಗೆತ್ತಿಕೊಂಡು ೧೮೯೪ರಲ್ಲಿ ವ್ಯವಸಾಯ ಬ್ಯಾಂಕುಗಳನ್ನು ತೆರೆಯಲು ತೊಡಗಿತು. ಅವು ಬೇರೂರಲಿಲ್ಲ. ೧೯೦೫ರಲ್ಲಿ ಸಹಕಾರ ಸಂಘಗಳ ಕಾನೂನು ಬಂದಿತು. ಅದೇ ೧೮೯೪ರಲ್ಲಿ ಎಂಟು ವರ್ಷಕ್ಕೊಳಪಟ್ಟ ಬಾಲಕಿಯರ ಮದುವೆಯನ್ನು ನಿಷೇಧಿಸಿದ ಕಾನೂನು ಹೊರಟಿತು. ಈ ಪ್ರಶ್ನೆಯು ಪ್ರಜಾಪ್ರತಿನಿಧಿ ಸಭೆಯಲ್ಲಿ ಚರ್ಚೆಗೆ ಬಂದಾಗ ಶಾಸ್ತ್ರವಚನಗಳನ್ನು ಮುಂದೊಡ್ಡಿ ವಿರೋಧಿಸಿದವರಿದ್ದರು. ಮನೆಯ ಅಂತರಂಗಕ್ಕೆ ಸರ್ಕಾರವು ಕಾಲಿಡಬಾರದೆಂದು ವಾದಿಸಿದವರೇ ಮನೆಯ ಮೇಲಣ ತೆರಿಗೆಯನ್ನು ತಗ್ಗಿಸಲು ಸರ್ಕಾರವನ್ನು ಬೇಡುತ್ತಿದ್ದುದೂ ಉಂಟಾಗಿರಬಹುದು, ಮನುಷ್ಯಸ್ವಭಾವವೇ ಅಂಥದು.

ಇಲ್ಲಿ ಒಂದು ದೊಡ್ಡ ಕೊರತೆಯನ್ನು ಹೇಳದೆ ಮುಂದುವರಿಯಲಾರೆವು. ಉಪ್ಪಿನ ಗಡಿಗೆ, ರಾಗಿಯ ವಾಡೆ, ಸೌದೆಯ ಹೊರೆ, ಎಣ್ಣೆಯ ಕುಡಿಕೆ ಇವುಗಳ ಲೆಕ್ಕವನ್ನು ಬಲ್ಲವಳು ಮನೆಯಾಕೆ. ತಿಂಗಳ ಕೊನೆಯಲ್ಲಿ ಯಾವುದು ಸಾಲದು, ಹಬ್ಬಕ್ಕೆ ಯಾವುದನ್ನು ಬಿಟ್ಟು ಯಾವುದನ್ನು ಕೊಳ್ಳಬೇಕೆಂಬ ನಿಜವಾದ ಆಯವ್ಯಯದ ಅಂದಾಜನ್ನು ತಯಾರಿಸುವವಳು ಅವಳೇ. ನಾಲ್ವತ್ತು ವರ್ಷಗಳಿಗೂ ಮೇಲ್ಪಟ್ಟು ಈ ಸಭೆಯು ಸಂಸಾರದ ಖರ್ಚನ್ನು ಕುರಿತು ಆಡಿದುದೆಲ್ಲ ಅವಳಿಲ್ಲದೆಯೇ ಆಡಿದುದು. ಡಾಕ್ಟರ್ ಬ್ರಜೇಂದ್ರನಾಥ ಸೀಲ್ ಅವರ ಅಧ್ಯಕ್ಷತೆಯ ಸಮಿತಿಯು ಸಲಹೆಗಳನ್ನಿತ್ತ ಮೇಲೆ, ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ೧೯೨೩ರ ಕಾನೂನಿನ ಮೂಲಕ ಸ್ತ್ರೀಯರಿಗೆ ಮತದ ಹಕ್ಕು ದೊರೆಯಿತು. ಆಸ್ತಿಯ ಅರ್ಹತೆಯನ್ನು ಅದೇ ಕಾನೂನು ಬಹಳಮಟ್ಟಿಗೆ ತಗ್ಗಿಸಿತು. ಆದರೂ ಕಂದಾಯದ ಪಟ್ಟಿಯಲ್ಲಿ ಗಂಡನ ಹೆಸರು ಇರುವ ಊರಿನಲ್ಲಿ ಹೆಂಡತಿಯ ಹಕ್ಕು ಬಹು ಮನೆಗಳಲ್ಲಿ ಕಾಗದದ ಮೇಲೆಯೇ ಉಳಿಯಿತೆಂಬುದನ್ನು ಊಹಿಸುವುದು ಕಷ್ಟವಲ್ಲ.

ಈ ೧೯೨೩ರ ಕಾನೂನಿಗೆ ಇನ್ನೊಂದು ಮಹತ್ತ್ವವಿದೆ. ಎಂ. ವಿಶ್ವೇಶ್ವರಯ್ಯನವರ ದಿವಾನಗಿರಿಯಲ್ಲಿ, ೧೯೧೭ರಲ್ಲಿ, ದಸರೆಯ ಸಭೆಯಲ್ಲದೆ ಮಹಾರಾಜರ ವರ್ಧಂತಿಯ ಕಾಲದಲ್ಲಿಯೂ ಒಂದು ಅಧಿವೇಶನವನ್ನು ಕೂಡಿಸಿ ಆಯವ್ಯಯವನ್ನು ಪ್ರತಿನಿಧಿಗಳ ಮುಂದಿಡುವ ಪದ್ಧತಿಯು ಮೊದಲಾಗಿತ್ತು. ೧೯೨೩ರ ಕಾನೂನು ಇನ್ನೂ ಒಂದು ಹೆಜ್ಜೆ ಮುಂದಿಟ್ಟು, ಹೊಸ ತೆರಿಗೆಯನ್ನು ಹಾಕುವ ಮುಂಚೆ ಸಭೆಯ ಅಭಿಪ್ರಾಯವನ್ನು ಕೇಳಬೇಕೆಂದು ವಿಧಿಸಿತು. ಅಭಿಪ್ರಾಯವನ್ನು ಕೇಳುವುದು ಬೇರೆ, ಅದಕ್ಕೆ ಕಟ್ಟುಬೀಳುವುದು ಬೇರೆ. ದಿವಾನರು ಸಭೆಗೆ ಅಧೀನರಾಗಿರಲಿಲ್ಲ. ಆದರೆ ೧೮೮೧ರ ಆಜ್ಞೆಯಲ್ಲಿ ಮೇಲಿನಿಂದ ಕೆಳಕ್ಕೆ ಹರಿದಿದ್ದ ಮಾತು ಈಗ ಕೆಳಗಿನಿಂದ ಮೇಲಕ್ಕೆ ಹರಿಯುವ ಹಾದಿಯನ್ನು ಕಾನೂನಿನಲ್ಲಿ ಪಡೆಯಿತು. ಸರ್ಕಾರದ ಲೆಕ್ಕವನ್ನು ಊರಿಗೆ ಒಯ್ಯಬೇಕೆಂದು ಕರೆಯಲ್ಪಟ್ಟವನು ಊರಿನ ಲೆಕ್ಕವನ್ನು ಸರ್ಕಾರಕ್ಕೆ ಒಪ್ಪಿಸುವವನಾದನು.

ಜಗನ್ಮೋಹನ ಅರಮನೆಯ ಮಂಟಪದಲ್ಲಿ ಈ ಸಭೆಯು ದಸರೆಯ ಕಾಲದಲ್ಲಿ ಕೂಡುತ್ತಿದ್ದುದನ್ನು ಕಂಡವರು, ಕಾರ್ಯಕಲಾಪಕ್ಕಿಂತ ಹೆಚ್ಚಾಗಿ ಅದರ ನೋಟವನ್ನೇ ಕೊಂಡಾಡಿದ್ದುಂಟು: ಸರಿಗೆಯ ರುಮಾಲುಗಳು, ಉದ್ದನೆಯ ಕೋಟುಗಳು, ಹೆಗಲ ಮೇಲೆ ಮಡಿಸಿದ ವಲ್ಲಿಗಳು. ಆ ರುಮಾಲಿನ ಕೆಳಗಣ ತಲೆಯಲ್ಲಿ ಊರಿನ ಬಾವಿಯ ಚಿಂತೆ ಇತ್ತೆಂಬುದನ್ನು ನಾವು ಮರೆಯಬಾರದಷ್ಟೆ. ಸ್ವಾತಂತ್ರ್ಯ ಬಂದ ಮೇಲೆ, ೧೯೪೯ರ ಡಿಸೆಂಬರ್ ತಿಂಗಳಲ್ಲಿ, ಅರುವತ್ತೆಂಟು ವರ್ಷ ಬಾಳಿದ ಪ್ರಜಾಪ್ರತಿನಿಧಿ ಸಭೆಯು ರದ್ದಾಯಿತು. ಉಪ್ಪಿನ ಸುಂಕವು ಅದಕ್ಕೂ ಎರಡು ವರ್ಷ ಮುಂಚೆ, ೧೯೪೭ರಲ್ಲಿ, ಹೋಗಿತ್ತು. ಮರುವರ್ಷದಿಂದ ದಸರೆಯ ಮೆರವಣಿಗೆಯು ಮೈಸೂರಿನಲ್ಲಿ ಉಳಿಯಿತು; ಶಾಸಕರು ಕೂಡುವ ಸ್ಥಳವು ಬೆಂಗಳೂರಾಯಿತು.