ಫೋರ್ಕ್ ಆಯಿಲ್: ಕಣ್ಣಿಗೆ ಕಾಣದ್ದು ಸರ್ವಿಸ್ ಲಿಸ್ಟ್‌ನಿಂದಲೂ ಮಾಯ

ಇಂಜಿನ್ ಆಯಿಲ್ ಕೊನೆಯ ಸಲ ಯಾವಾಗ ಬದಲಾಯಿಸಿದ್ರಿ ಅಂತ ಕೇಳಿದ್ರೆ ತಿಂಗಳು ಸಮೇತ ಹೇಳ್ತೀರಿ. ಫೋರ್ಕ್ ಆಯಿಲ್? ‘ಅಲ್ಲೂ ಆಯಿಲ್ ಇರುತ್ತಾ?’ ಅನ್ನೋರೇ ಜಾಸ್ತಿ. ಇರುತ್ತೆ. ಹ್ಯಾಂಡಲ್‌ನಿಂದ ಮುಂದಿನ ಚಕ್ರಕ್ಕೆ ಇಳಿದಿರೋ ಆ ಎರಡೂ ಕೊಳವೆಗಳ ಒಳಗೆ ಇರುತ್ತೆ. ಅದನ್ನ ನಾವು ಹೇಗೆ ಮರೆತ್ವಿ ಅನ್ನೋದೇ ಇವತ್ತಿನ ಕಥೆ.

1920ರ ದಶಕದ ಬೈಕ್‌ಗಳ ಫೋಟೋ ನೋಡಿ. ಹೆಚ್ಚಿನವುಗಳಲ್ಲಿ ಗರ್ಡರ್ ಫೋರ್ಕ್ ಇರುತ್ತೆ: ಎರಡು ಉದ್ದ ಕೈಗಳು, ಕೊಂಡಿಗಳು, ಹ್ಯಾಂಡಲ್ ಮುಂದೆ ದಪ್ಪ ಸ್ಪ್ರಿಂಗ್. ಸ್ಪ್ರಿಂಗ್ ಒಂದೇ ಇದ್ರೆ ಗುಂಡಿಗೆ ಬಿದ್ದ ಚಕ್ರ ಚೆಂಡಿನ ಥರ ಪುಟಿಯುತ್ತೆ. ಅದನ್ನ ತಡೆಯೋಕೆ ಒಂದಕ್ಕೊಂದು ಉಜ್ಜುವ ಬಿಲ್ಲೆಗಳನ್ನ ಹಾಕ್ತಿದ್ರು. ರಸ್ತೆ ಕೆಟ್ಟದಿದ್ರೆ ಸವಾರ ಕೈಯಲ್ಲೇ ತಿರುಪು ಬಿಗಿ ಮಾಡ್ಕೊಳ್ತಿದ್ದ. ಎಲ್ಲಾ ಬಯಲಲ್ಲೇ ಇತ್ತು. ಧೂಳು ಕೂತ್ರೆ ಕಾಣ್ತಿತ್ತು, ಗ್ರೀಸ್ ಒಣಗಿದ್ರೆ ಕಿರುಗುಟ್ಟುತ್ತಿತ್ತು.

1934ರಲ್ಲಿ ಡೆನ್ಮಾರ್ಕಿನ ನಿಂಬಸ್ ಕಂಪನಿ ಒಂದು ಕೊಳವೆಯೊಳಗೆ ಇನ್ನೊಂದು ಜಾರುವ ಟೆಲಿಸ್ಕೋಪಿಕ್ ಫೋರ್ಕ್ ಇರೋ ಬೈಕ್ ಮಾರಾಟಕ್ಕೆ ತಂತು. ಆದ್ರೆ ಪುಟಿತ ತಡೆಯೋ ಎಣ್ಣೆಯ ವ್ಯವಸ್ಥೆ ಅದರಲ್ಲಿರಲಿಲ್ಲ. ಮರುವರ್ಷ, 1935ರಲ್ಲಿ, ಜರ್ಮನಿಯ ಬಿಎಂಡಬ್ಲ್ಯು ತನ್ನ ಆರ್12, ಆರ್17 ಬೈಕ್‌ಗಳಲ್ಲಿ ಆ ಕೆಲಸವನ್ನ ಎಣ್ಣೆಗೆ ವಹಿಸಿತು. ಉಪಾಯ ಸರಳ. ಫೋರ್ಕ್ ಕುಗ್ಗಿ ಹಿಗ್ಗುವಾಗ ಎಣ್ಣೆ ಸಣ್ಣ ತೂತುಗಳ ಮೂಲಕ ನುಗ್ಗಿ ಹೋಗಬೇಕು. ಆ ಕಷ್ಟದಲ್ಲಿ ಸ್ಪ್ರಿಂಗ್‌ನ ಶಕ್ತಿ ಶಾಖವಾಗಿ ಕರಗುತ್ತೆ, ಚಕ್ರ ರಸ್ತೆಗೆ ಅಂಟಿಕೊಂಡಿರುತ್ತೆ. ಎರಡನೇ ಮಹಾಯುದ್ಧದ ಹೊತ್ತಿಗೆ ಬ್ರಿಟಿಷ್ ಸೇನೆಯ ಮ್ಯಾಚ್‌ಲೆಸ್ ಜಿ3/ಎಲ್‌ನಲ್ಲೂ ಇಂಥದ್ದೇ ಫೋರ್ಕ್ ಬಂತು. ಯುದ್ಧ ಮುಗಿದ ಮೇಲೆ ಗರ್ಡರ್ ನಿಧಾನವಾಗಿ ಮರೆಯಾಯ್ತು.

ನಮ್ಮ ಕಡೆಗೂ ಈ ಫೋರ್ಕ್ ಬಂತು. 1961ರಲ್ಲಿ ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆಯನ್ನ ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರ್ ಉದ್ಘಾಟಿಸಿದ್ರು. ಜೆಕ್ ವಿನ್ಯಾಸದ ಜಾವಾ, ಆಮೇಲೆ ಯೆಜ್ಡಿ, ಎಲ್ಲಾ ಅಲ್ಲಿಂದಲೇ ಹೊರಟವು. 1996ರಲ್ಲಿ ಕಾರ್ಖಾನೆಗೆ ಬೀಗ ಬಿತ್ತು. ಆ ಕಂಪನಿ ಈಗಿಲ್ಲ. ಆದ್ರೂ ಆ ಬೈಕ್‌ಗಳು ಇವತ್ತಿಗೂ ಓಡ್ತಿವೆ. ಮಾಲೀಕರು, ಹಳೇ ಮೆಕ್ಯಾನಿಕ್‌ಗಳು ಕಾಣದ ಭಾಗವನ್ನೂ ಬಿಚ್ಚಿ ನೋಡೋದನ್ನ ಬಿಡಲಿಲ್ಲ ನೋಡಿ, ಅದಕ್ಕೆ.

ಉಳಿದವರ ಕಥೆ ಬೇರೆ. ಎಣ್ಣೆ ಒಳಗೆ ಹೋದ ಮೇಲೆ ಎಚ್ಚರಿಕೆಯ ಸದ್ದೂ ನಿಂತುಹೋಯ್ತು. ಹಳೆಯ ಹಲವು ಬೈಕ್‌ಗಳಲ್ಲಿ ಫೋರ್ಕ್ ಕೆಳಗೆ ಡ್ರೈನ್ ಸ್ಕ್ರೂ ಇರ್ತಿತ್ತು, ಬಿಚ್ಚಿದ್ರೆ ಹಳೇ ಆಯಿಲ್ ಸುರಿಯೋದು. ಈಗಿನ ಹೆಚ್ಚಿನ ಬೈಕ್‌ಗಳಲ್ಲಿ ಅದೂ ಇಲ್ಲ. ಲೋಹದ ಪುಡಿ, ತೇವ ಸೇರಿ ಆಯಿಲ್ ಕಪ್ಪಾಗ್ತಾ ಹೋಗುತ್ತೆ. ಬಿಕಾಂ ಓದಿದವನ ಭಾಷೆಯಲ್ಲಿ ಇದು ಡಿಪ್ರಿಸಿಯೇಷನ್: ಹೊರಗಿಂದ ಆಸ್ತಿ ಹೊಸದಾಗೇ ಕಾಣುತ್ತೆ, ಮೌಲ್ಯ ಮಾತ್ರ ಇಳೀತಾನೇ ಇರುತ್ತೆ. ದಿನಾ ಸ್ವಲ್ಪ ಸ್ವಲ್ಪ ಕೆಡೋದ್ರಿಂದ ನಮಗೂ ಅಭ್ಯಾಸ ಆಗ್ಬಿಡುತ್ತೆ. ಬಿಲ್ ಬರೋದು ಬ್ರೇಕ್ ಹಿಡಿದಾಗ. ಪುಟಿಯುವ ಚಕ್ರ ರಸ್ತೆ ಬಿಟ್ಟ ಕ್ಷಣದಲ್ಲಿ ಬ್ರೇಕ್ ಎಷ್ಟು ಹಿಡಿದ್ರೂ ವ್ಯರ್ಥ. ಸೀಲ್ ಒಡೆದು ಆಯಿಲ್ ಡಿಸ್ಕ್ ಮೇಲೆ ಇಳಿದ್ರಂತೂ ಇನ್ನೂ ಅಪಾಯ.

ಮನೇಲಿ ಮಾಡಬಹುದಾ? ಸಾಧಾರಣ ಫೋರ್ಕ್ ಆದ್ರೆ ಮಾಡಬಹುದು. ಮೊದಲು ಮ್ಯಾನುಯಲ್ ತೆಗೀರಿ, ಯಾವ ಗ್ರೇಡ್, ಒಂದು ಕಾಲಿಗೆ ಎಷ್ಟು ಎಂಎಲ್ ಅಂತ ನೋಡಿ. ಬೈಕ್ ಬೀಳದ ಹಾಗೆ ಗಟ್ಟಿ ಆಸರೆ ಕೊಟ್ಟು ಮುಂದಿನ ಚಕ್ರ ಎತ್ತಿ. ಫೋರ್ಕ್ ಕೆಳಗಿನ ಕ್ಲ್ಯಾಂಪ್‌ನಲ್ಲಿ ಬಿಗಿಯಾಗಿ ಇರುವಾಗಲೇ ಮೇಲಿನ ಕ್ಲ್ಯಾಂಪ್ ಸಡಿಲಿಸಿ, ಮುಚ್ಚಳವನ್ನೂ ಸ್ವಲ್ಪ ಸಡಿಲ ಮಾಡಿ. ಒಳಗೆ ಸ್ಪ್ರಿಂಗ್ ಒತ್ತಿಕೊಂಡಿರುತ್ತೆ, ಮುಚ್ಚಳ ಪೂರ್ತಿ ತೆಗೆಯುವಾಗ ಮುಖ ಪಕ್ಕಕ್ಕಿರಲಿ. ಹಳೇ ಆಯಿಲ್ ಸುರಿದು, ಮೇಲೆ ಕೆಳಗೆ ಆಡಿಸಿ ಪೂರ್ತಿ ಖಾಲಿ ಮಾಡಿ. ಹೊಸದನ್ನ ಅಳತೆ ಗ್ಲಾಸ್‌ನಲ್ಲಿ ಹಾಕಿ, ನಿಧಾನಕ್ಕೆ ಆಡಿಸಿ ಗಾಳಿ ಹೊರಗೆ ಕಳಿಸಿ. ಎರಡೂ ಕಾಲಿಗೆ ಒಂದೇ ಅಳತೆ. ಬೋಲ್ಟ್‌ಗಳನ್ನ ಮ್ಯಾನುಯಲ್ ಹೇಳಿದ ಟಾರ್ಕ್‌ಗೇ ಬಿಗಿ ಮಾಡಿ. ಹಳೇ ಆಯಿಲ್ ಚರಂಡಿಗೆ ಬೇಡ.

ಕೊಳವೆ ತುಕ್ಕು ಹಿಡಿದಿದ್ರೆ ಹೊಸ ಸೀಲ್ ಕೂಡ ಬೇಗ ಹರಿಯುತ್ತೆ. ಸೀಲ್ ಬದಲಾಯಿಸೋಕೆ, ತಲೆಕೆಳಗಾದ ಯುಎಸ್‌ಡಿ ಫೋರ್ಕ್ ಬಿಚ್ಚೋಕೆ ಬೇರೆ ಟೂಲ್ಸ್ ಬೇಕು, ಅದನ್ನ ಅನುಭವಿ ಮೆಕ್ಯಾನಿಕ್‌ಗೇ ಬಿಡಿ.

ಇವತ್ತು ಅಷ್ಟೆಲ್ಲಾ ಬಿಚ್ಚೋಕೆ ಆಗದಿದ್ರೆ ಒಂದು ಕೆಲಸ ಮಾಡಿ. ಮುಂದಿನ ಬ್ರೇಕ್ ಹಿಡಿದು ಹ್ಯಾಂಡಲ್ ಒತ್ತಿ ಬಿಡಿ. ಒಂದೇ ಸಲ ಎದ್ದು ನಿಂತ್ರೆ ಸರಿ. ಎದ್ದ ಮೇಲೂ ಕುಣೀತಾ ಇದ್ರೆ, ಅಥವಾ ಕೊಳವೆ ಮೇಲೆ ಎಣ್ಣೆಯ ಉಂಗುರ ಕಂಡ್ರೆ, ಈ ಭಾನುವಾರದ ರೈಡ್ ಕ್ಯಾನ್ಸಲ್ ಮಾಡಿ ಸ್ಪ್ಯಾನರ್ ತೆಗೀರಿ. ಮುಂದಿನ ಎಪಿಸೋಡ್‌ನಲ್ಲಿ ಸಿಗೋಣ.