ಸೂತಕವೂ ಸುಂಕವೂ

ಹನ್ನೆರಡನೆಯ ಶತಮಾನದಲ್ಲಿಯೇ ನಮ್ಮ ಶರಣರು ಪಂಚಸೂತಕಗಳನ್ನು ತಳ್ಳಿಹಾಕಿದರು, ರಜಸ್ಸೂತಕವೂ ಅವುಗಳಲ್ಲೊಂದು. ತರಗತಿಯಲ್ಲಿ ಈ ಮಾತು ಬಂದಾಗಲೆಲ್ಲ ನನ್ನಂಥ ಕನ್ನಡ ಮೇಷ್ಟರಿಗೆ ಎದೆಯುಬ್ಬುತ್ತದೆ. ಮೈಲಿಗೆಯನ್ನೇನೋ ವಿಚಾರದಿಂದ ಕಳೆಯಬಹುದು. ಬಟ್ಟೆಯ ಬಡತನಕ್ಕೆ ಬಟ್ಟೆಯೇ ಬೇಕು.

1881ರಲ್ಲಿ ಮೈಸೂರಿನಲ್ಲಿ ಮಹಾರಾಣಿ ಬಾಲಿಕಾ ಪಾಠಶಾಲೆ ತೆರೆದ ಕಾಲಕ್ಕೆ ಈ ಪ್ರಶ್ನೆ ಶಾಲೆಯ ಬಾಗಿಲಿಗೆ ಬರುವುದೇ ಅಪರೂಪವಾಗಿತ್ತು. 1894ರ ಮೈಸೂರು ಕಾನೂನು ಹುಡುಗಿಯ ಮದುವೆಗೆ ಇಟ್ಟ ಕನಿಷ್ಠ ವಯಸ್ಸು ಎಂಟು! ಮೈನೆರೆದವಳಿಗೆ ಓದು ಮುಗಿಯಿತೆಂದೇ ಎಷ್ಟೋ ಮನೆಗಳ ಲೆಕ್ಕ. ದೊಡ್ಡವಳಾದ ಮೇಲೂ ಹುಡುಗಿ ಬೆಂಚಿನ ಮೇಲೆ ಕುಳಿತದ್ದು ತರುವಾಯದ ಮಾತು. ಅವಳ ಜೊತೆಗೆ ಹಳೆಯ ಸೀರೆಯ ತುಂಡೂ ಶಾಲೆಗೆ ಬಂತು. ಬದಲಿಸಲು ಮರೆಯಿಲ್ಲ, ತೊಳೆಯಲು ನೀರಿಲ್ಲ. ಮನೆಯಲ್ಲಿ ಬಿಸಿಲಿಗೆ ಹರವಲು ಸಂಕೋಚ. ಅರೆ ಒಣಗಿದ್ದನ್ನೇ ಮತ್ತೆ ಉಡಬೇಕು, ಇಲ್ಲವೆ ಆ ದಿನಗಳಲ್ಲಿ ಶಾಲೆ ತಪ್ಪಿಸಬೇಕು. ಹಾಜರಿ ಪುಸ್ತಕದಲ್ಲಿ ಅದಕ್ಕೆ ಒಂದು ಸೊನ್ನೆ, ಅಷ್ಟೆ.

ಸರ್ಕಾರದ ಲೆಕ್ಕವೂ ವಿಚಿತ್ರವೇ. 2017ರ ಜುಲೈಯಲ್ಲಿ ಜಿಎಸ್‌ಟಿ ಬಂದಾಗ ಕುಂಕುಮಕ್ಕೂ ಗಾಜಿನ ಬಳೆಗೂ ತೆರಿಗೆಯಿಲ್ಲ, ಸ್ಯಾನಿಟರಿ ಪ್ಯಾಡಿಗೆ ಶೇಕಡಾ 12! ಹೆಂಗಸರು ಒಂದು ವರ್ಷ ಕೂಗಿದ ಮೇಲೆ, 2018ರ ಜುಲೈಯಲ್ಲಿ, ಅದು ಹೋಯಿತು.

ಕರ್ನಾಟಕದಲ್ಲಿ ಅದಕ್ಕೆ ಮೊದಲೇ, 2013–14ರಲ್ಲಿ, ಸರ್ಕಾರಿ ಶಾಲೆಯ ಹುಡುಗಿಯರಿಗೆ ಪ್ಯಾಡು ಹಂಚುವ ‘ಶುಚಿ’ ಯೋಜನೆ ಹುಟ್ಟಿತ್ತು. ಒಳ್ಳೆಯ ಕೆಲಸ, ಕೋವಿಡ್ ಬಂದ 2020ರಲ್ಲಿ ನಿಂತಿತು, 2024ರಲ್ಲಿ ಮತ್ತೆ ಚಿಗುರಿತು. ನಿಂತ ವರ್ಷ ಎಂಟನೆಯ ತರಗತಿಗೆ ಸೇರಿದ ಹುಡುಗಿ ಅಷ್ಟರಲ್ಲಿ ಹೈಸ್ಕೂಲು ದಾಟಿಯಾಗಿತ್ತು.